ಎರಡನೇ ಗೇರು ಹಿಡಿಯದ ದಿನ

ಹಳೆಯ ಗೇರ್ ಎಣ್ಣೆಗೆ ಗಂಧಕದಂಥ ಒಂದು ಕಮಟು ವಾಸನೆಯಿದೆ. ಜೊಯಿಡಾದ ರಸ್ತೆಬದಿಯ ಗ್ಯಾರೇಜಿನ ಮುಂದೆ ಬಸ್ಸಿಗಾಗಿ ಕಾಯುವಾಗ ಅದು ಮೂಗಿಗೆ ತಾಕಿದರೆ ಸಾಕು, ಕುಂಬಾರವಾಡದ ನಮ್ಮ ಮನೆ ಕಣ್ಣೆದುರು ಬರುತ್ತದೆ: ಸೆಗಣಿ ಸಾರಿಸಿದ ಅಂಗಳ, ಅದರ ನಡುವೆ ಬಿದಿರು ಹೊರುವ ಅಪ್ಪನ ಮುದಿ ಲಾರಿ, ಗೋಣಿಚೀಲದ ಮೇಲೆ ಬಿಚ್ಚಿಟ್ಟ ಗೇರ್‌ಬಾಕ್ಸು. ಆ ಮನೆ ಈಗಿಲ್ಲ. ಅಲ್ಲಿ ಮಾತಾಡುತ್ತಿದ್ದವರೂ ಇಲ್ಲ.

ಹಳಿಯಾಳದಲ್ಲಿ ಅವ್ವನ ತಾಯಿ ಹಾಸಿಗೆ ಹಿಡಿದಿದ್ದಳು. ಇವತ್ತೇ ಬರಬೇಕೆಂಬ ಸುದ್ದಿ ಅಂಗಡಿಯ ಫೋನಿಗೆ ಬಂದಾಗ ದಿನದ ಒಂದೇ ಬಸ್ಸು ಹೋಗಿಯಾಗಿತ್ತು. ಊರಿನ ಜೀಪು ಗೋವೆಯಲ್ಲಿತ್ತು. ಉಳಿದದ್ದು ಲಾರಿ. ಅದಕ್ಕೋ, ಮೂರರಿಂದ ಎರಡನೇ ಗೇರಿಗೆ ಇಳಿಸಿದೊಡನೆ ಹಲ್ಲು ಕಡಿಯುವ ರೋಗ. ಅಪ್ಪನ ತಮ್ಮನಾದ ಕಾಕಾ ಮೊದಲು ಕ್ಲಚ್ಚನ್ನೇ ಶಂಕಿಸಿ ಬಿಗಿದು ನೋಡಿದ್ದ. ಉಳಿದ ಗೇರುಗಳು ಸಲೀಸಾಗಿ ಬಿದ್ದವು, ಎರಡನೆಯದು ಮಾತ್ರ ಒಲ್ಲೆನೆಂದಿತು. ಬಿಚ್ಚಿದಾಗ ಕಂಡದ್ದು ಸವೆದ ಹಿತ್ತಾಳೆಯ ಉಂಗುರ. ಬೇರೆ ಬೇರೆ ವೇಗದಲ್ಲಿ ತಿರುಗುವ ಚಕ್ರಗಳನ್ನು ಉಜ್ಜಿ, ಸಮಗೊಳಿಸಿ, ಕೂಡಿಸುವ ಅದನ್ನು ನಮ್ಮ ಮನೆಯಲ್ಲಿ ಕೈಬಳೆಗೆ ಹೇಳುವಂತೆಯೇ ‘ಬಳಿ’ ಎನ್ನುತ್ತಿದ್ದರು.

“ಬಳಿ ಸವದು ನುಣ್ಣಗಾಗೇತಿ. ಹಿಡಿತಾನ ಇಲ್ಲ,” ಎಂದ ಕಾಕಾ.

ಅವ್ವ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ನನ್ನ ಬಳಿ ಸವದ್ರ ಯಾರಿಗೂ ಕಾಣಂಗಿಲ್ಲ. ಲಾರಿ ಬಳಿ ಸವದ್ರ ಅಣ್ಣ-ತಮ್ಮ ಉಣ್ಣೂದ ಬಿಡ್ತೀರಿ.”

“ವೈನೀ, ನಿಮ್ಮ ಬಳಿ ಸಂತ್ಯಾಗ ಸಿಗ್ತಾವ. ಇದು ಹುಬ್ಬಳ್ಳಿಂದ ಬರಬೇಕ್ರೀ,” ಎಂದು ಕಾಕಾ ಅತ್ತಿಗೆಯನ್ನು ನಗಿಸಲು ನೋಡಿದ.

ಅವ್ವ ನಗಲಿಲ್ಲ. ಅಪ್ಪನ ಕಡೆ ತಿರುಗಿದಳು. “ಎರಡ ಸಲ ಕ್ಲಚ್ ತುಳದು ಹಾಕ್ತಿದ್ರೆಲ್ಲ? ಇದನ್ನ ತಿರಗಿ ಜೋಡಸ್ರಿ, ಹಂಗ ಹೋಗೂಣು, ನಡೀರಿ.”

“ಹಲ್ಲೂ ಸವದಾವ. ಹಾಕಿದ್ರೂ ಜಾರತೈತಿ. ಇಳುಕಲಿನ್ಯಾಗ ಗೇರು ಬಿಟ್ಟರ ಈ ಲಾರಿ ಬ್ರೇಕಿಗೆ ನಿಲ್ಲಂಗಿಲ್ಲ. ಮಕ್ಕಳ ತಾಯಿ ನೀ.”

ಚರ್ಚೆಯಲ್ಲಿ ಒಂದು ಪಕ್ಷ ಗೆಲ್ಲಲೇಬೇಕೆಂದು ಮುಂದೆ ಕಾಲೇಜಿನಲ್ಲಿ ಕಲಿತೆ. ಆ ಅಂಗಳದಲ್ಲಿ ಇಬ್ಬರೂ ಸರಿಯಾಗಿದ್ದರು. ಆದ್ದರಿಂದಲೇ ಯಾರಿಗೂ ದಾರಿಯಿರಲಿಲ್ಲ. ಕಾಡಿನ ಊರುಗಳಿಗೆ ಬಸ್ಸು ಬೇಕೆಂದು ಇಂದಿಗೂ ಕಚೇರಿಯಿಂದ ಕಚೇರಿಗೆ ಹೋಗಿ ವಾದಿಸುತ್ತೇನೆ. ಆದರೆ ಅವ್ವ ಚೀಲವನ್ನು ಕೆಳಗಿಡದೆ ಕತ್ತಲಾಗುವವರೆಗೂ ನಿಂತೇ ಇದ್ದುದನ್ನು ಯಾವ ಮಾತಿನಲ್ಲಿಯೂ ಹೇಳಲಾಗಿಲ್ಲ.

ಮರುದಿನದ ಬಸ್ಸು ಅವಳನ್ನು ಹಳಿಯಾಳಕ್ಕೆ ಮುಟ್ಟಿಸುವಷ್ಟರಲ್ಲಿ ಅವಳ ತಾಯಿಯ ಮಣ್ಣು ಮುಗಿದಿತ್ತು.

ಅವಳು ಮರಳಿದ ಮೇಲೆ ಹೊಸ ಉಂಗುರ, ಹಲ್ಲಿನ ಚಕ್ರ ಬಂದವು. ಎರಡನೇ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು. ಅಪ್ಪ ಊರ ಏರಿನವರೆಗೆ ಓಡಿಸಿ ನೋಡಿ ಬಂದು, ಲಾರಿಯ ಬಾಗಿಲು ತೆರೆದು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಕರೆದ: “ಬಾ, ಹಳಿಯಾಳಕ್ಕ ಹೋಗಿ ಬರೂಣು.”

ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

“ಯಾರ್ನ ನೋಡಾಕ್ರೀ?”

ಅಪ್ಪ ಎಂಜಿನ್ ನಿಲ್ಲಿಸಿದ.