ಎರಡು ಗೆರೆ ಎಳೆದ ಸಾಲು

ಕೋಳಿಗಳ ಬಗ್ಗೆ ಕೇಳಿದ್ದು ನೀನಲ್ಲ ಶಾಹಿನಾ, ನಾನು.

ಲಾಕ್‌ಡೌನ್ ಆದ ವರ್ಷ ನಿನ್ನ ಹೆಸರಿನಲ್ಲಿ ಎಡಿತ್ ಅಜ್ಜಿಗೆ ಹೋದ ಪತ್ರದಲ್ಲಿ ನಿನ್ನ ಮಾತನ್ನು ತೆಗೆದು ಆ ಜಾಗದಲ್ಲಿ ನನ್ನ ಮಾತು ಹಾಕಿದೆ. ಕಣ್ತಪ್ಪಿ ಆದದ್ದಲ್ಲ, ತಿಳಿದೇ ಮಾಡಿದ್ದು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರೂ ಪಾಪದ ಅರಿಕೆ ಮಾಡುವಾಗ ನಾನೂ ಬಾಯಾಡಿಸಿದ್ದೇನೆ. ಆಗ ನೆರೆಮನೆಯವಳ ಮೇಲೆ ಪಟ್ಟ ಸಿಟ್ಟು, ಆಡಿದ ಚಾಡಿ, ಎಲ್ಲ ಸಾಲಾಗಿ ನೆನಪಿಗೆ ಬರುತ್ತಿದ್ದವು. ಈ ಕೋಳಿಗಳು ಬಂದರೆ ಮಾತ್ರ ಹುಶ್ ಅಂತ ನಾನೇ ಓಡಿಸುತ್ತಿದ್ದೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರಪಡಬೇಡ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವ ಚಟ ಒಮ್ಮೆ ಅಂಟಿದವಳು ನಾನು. ಈ ಸಲ ಏನನ್ನೂ ಬಿಡಬಾರದು ಎಂದುಕೊಂಡು ಕೂತಿದ್ದೇನೆ.

ಕುಷ್ಟಗಿಯಲ್ಲಿ ನಮ್ಮ ಸಂಸ್ಥೆಯ ಕಚೇರಿ ಎಂದರೆ ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆ. ಸಮುದ್ರದಾಚೆಯ ಚರ್ಚುಗಳ ಜನ ಇಲ್ಲಿನ ಒಂದೊಂದು ಮಗುವಿನ ಓದಿಗೆ ನೆರವಾಗುತ್ತಿದ್ದರು. ಮಕ್ಕಳು ವರ್ಷಕ್ಕೆ ಮೂರು ಸಲ ಅವರಿಗೆ ಪತ್ರ ಬರೆಯಬೇಕು. ಒಂದೇ ಹಾಳೆ — ಮೇಲೆ ಕನ್ನಡ, ಕೆಳಗೆ ನಾನು ಬರೆಯುವ ಇಂಗ್ಲಿಷ್. ಗಂಗಾವತಿಯಿಂದ ಬಂದು ಕುಷ್ಟಗಿಯಲ್ಲಿ ಕೋಣೆ ಹಿಡಿದು ಇದ್ದ ನನಗೆ ಇದೇ ಕೆಲಸ. ಮಕ್ಕಳಿಗೆ ಏನು ಬರೆಯಬೇಕೆಂದು ತೋಚುತ್ತಿರಲಿಲ್ಲವಾದ್ದರಿಂದ ಬೋರ್ಡಿನ ಮೇಲೆ ಮಾದರಿ ಬರೆಯುತ್ತಿದ್ದೆ. ನಾನು ಚೆನ್ನಾಗಿದ್ದೇನೆ, ನೀವು ಚೆನ್ನಾಗಿದ್ದೀರಾ, ನಮ್ಮೂರಲ್ಲಿ ಮಳೆ ಬಂದಿದೆ / ಬಂದಿಲ್ಲ. ಯಾವುದಾದರೂ ಒಂದನ್ನು ಬರೆಯಿರಿ ಎಂದರೆ ಅರ್ಧ ತರಗತಿ ಎರಡನ್ನೂ ನಡುವಿನ ಗೆರೆಯ ಸಮೇತ ಇಳಿಸಿಕೊಳ್ಳುತ್ತಿತ್ತು. ಕೊನೆಗೆ, ನಿಮಗಾಗಿ ಪ್ರಾರ್ಥಿಸುತ್ತೇನೆ. ನೀನು ಆ ಸಾಲಿಗೆ ಬಂದು ಪೆನ್ನು ನಿಲ್ಲಿಸಿದ್ದೆ. ದುವಾ ಅಂತ ಬರಿ, ದೇವರಿಗೆ ತಿಳಿಯುತ್ತದೆ ಎಂದು ನಾನೇ ಅಂದಿದ್ದೆ. ಬೋರ್ಡು ನೋಡದೆ ಬರೆಯುತ್ತಿದ್ದವಳು ನೀನೊಬ್ಬಳೇ.

ಬೋರ್ಡು ನೋಡದೆ ಬರೆದಂತೆ ಉತ್ತರಿಸುತ್ತಿದ್ದವರು ನಿನ್ನ ಓದಿಗೆ ನೆರವಾಗುತ್ತಿದ್ದ ಎಡಿತ್ ಅಜ್ಜಿಯೊಬ್ಬರೇ. ಉಳಿದವರು ಒಂದು ಕಾರ್ಡು, ಒಂದು ಆಶೀರ್ವಾದ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರದು ನಾಲ್ಕು ಪುಟ. ಸ್ಕಾಟ್‌ಲ್ಯಾಂಡಿನ ಒಂದು ಸಣ್ಣ ಊರು, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಹೆಂಗಸು, ಹಿತ್ತಲಲ್ಲಿ ಕೋಳಿ ಸಾಕಿದ್ದರು. ಕೋಳಿಗಳಿಗೆ ತಮ್ಮ ಚರ್ಚಿಗೆ ಬಂದುಹೋದ ಪಾದ್ರಿಗಳ ಹೆಸರನ್ನೇ ಇಟ್ಟಿದ್ದರು. ಮೊಟ್ಟೆ ಇಡುವುದನ್ನು ಯಾರು ಮೊದಲು ನಿಲ್ಲಿಸಿದರು, ಯಾರು ಜಗಳಗಂಟಿ, ಎಲ್ಲ ಸುದ್ದಿ ಬರುತ್ತಿತ್ತು. ಅವರ ಪತ್ರ ಬಂದ ದಿನ ನಾನು ಊಟ ಮರೆತು ಓದುತ್ತಿದ್ದೆ. ಮಕ್ಕಳ ಮನೆಯವರಿಗೆ ತಿಳಿಯದಂತೆ ವಿಳಾಸದ ಮೇಲೆ ಕಪ್ಪು ಮಸಿ ಬಳಿಯಬೇಕೆಂಬುದು ನಿಯಮ. ಬಳಿಯುತ್ತಿದ್ದೆ — ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸಿಯ ಹಿಂದಿನ ಅಕ್ಷರ ಓದುತ್ತಿದ್ದೆ. ಯಾಕೆ ಬೇಕಿತ್ತು? ಯಾಕೂ ಇಲ್ಲ. ತಿಳಿಯಬೇಕಿತ್ತು, ಅಷ್ಟೆ. ಚಿಕ್ಕಂದಿನಿಂದ ಹಾಗೆಯೇ ನಾನು. ಮುಚ್ಚಿದ ಡಬ್ಬಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ಆಮೇಲೆ ನಿನ್ನ ಪತ್ರಗಳಲ್ಲಿ ನನ್ನದೊಂದು ಸಾಲು ಸೇರಿಸತೊಡಗಿದೆ. ಹಿಮಕ್ಕೆ ವಾಸನೆ ಇರುತ್ತದೆಯೇ? ಅಲ್ಲಿ ಅಜ್ಜಿಯರು ಒಬ್ಬರೇ ಇದ್ದರೆ ಯಾರ ಜೊತೆ ಬೈದಾಡುತ್ತಾರೆ? ಅವರು ಎಲ್ಲದಕ್ಕೂ ಮನಸ್ಸಿಟ್ಟು ಉತ್ತರಿಸುತ್ತಿದ್ದರು. ನೀನು ಬೆರಗಾಗಿ, ನಾ ಕೇಳದಿದ್ರೂ ಅಜ್ಜಿಗಿ ಹೆಂಗ ಗೊತ್ತಾಗತೈತಿ ಅಂತ ನನ್ನನ್ನೇ ಕೇಳಿದೆ. ನಾನು ನಕ್ಕೆ. ಅದು ತಪ್ಪೆಂದು ಆಗ ಅನಿಸಿರಲಿಲ್ಲ.

ನಿಮ್ಮಬ್ಬಾ ಖಾಸೀಂಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವ ಮನುಷ್ಯ, ಓದು ಬಾರದು. ಆದರೆ ಅಜ್ಜಿಯ ಪತ್ರವನ್ನು ಎರಡು ಸಲ ಓದಿಸಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದರು. ದೊಡ್ಡಮ್ಮ ಎನ್ನುತ್ತಿದ್ದರು ಅವರನ್ನು. ಎಂಟನೆಯದಾದ ಮೇಲೆ ನಿನ್ನನ್ನು ಶಾಲೆ ಬಿಡಿಸುವ ಮಾತು ಬಂದಿತ್ತಲ್ಲ, ಆಗ ಅಜ್ಜಿ ಸುಮ್ಮನೆ, ಹೈಸ್ಕೂಲು ಎಷ್ಟು ದೂರ ಎಂದು ಕೇಳಿದ್ದರು. ಅದೊಂದೇ ಸಾಲಿಗೆ ನಿಮ್ಮಬ್ಬಾ ಮನಸ್ಸು ಬದಲಿಸಿದರು. “ದೊಡ್ಡಮ್ಮ ಸಾಲಿ ಬಗ್ಗೆ ಕೇಳ್ಯಾರ ಅಂದಮ್ಯಾಲ ಬಿಡಿಸಾಕ ಬರಂಗಿಲ್ರಿ” ಅಂದರು. ಆ ಮಾತು ಕೇಳಿದವಳು ನಾನು. ಅಜ್ಜಿಯ ಒಂದು ಸಾಲಿಗೆ ನಿಮ್ಮ ಮನೆಯಲ್ಲಿ ಎಷ್ಟು ತೂಕವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಲಾಕ್‌ಡೌನ್ ಬಂತು. ಗಾದಿ ಹೊಲಿಸುವವರಿಲ್ಲ, ನಿಮ್ಮಬ್ಬಾ ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ತೂಗುಹಾಕಿ ಕೂತರು. ಆ ಚರ್ಚುಗಳವರೇ ಕಳಿಸಿದ ನೆರವಿನಲ್ಲಿ ನಾವು ಅಕ್ಕಿ, ಬೇಳೆ, ಎಣ್ಣೆ, ಸಾಬೂನಿನ ಚೀಲ ಕಟ್ಟಿ ಹಂಚಿದೆವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸುಣ್ಣದ ವೃತ್ತಗಳಲ್ಲಿ ನಿಂತ ಜನ; ಯಾರು ಯಾರೆಂದು ಕಣ್ಣು ನೋಡಿ ಗುರುತಿಸಬೇಕು. ಅಂಚೆ ನಿಂತುಹೋಗಿತ್ತು. ಮಕ್ಕಳು ಮನೆಯಲ್ಲೇ ಪತ್ರ ಬರೆಯಲಿ, ಫೋಟೊ ತೆಗೆದು ಇಮೇಲಿನಲ್ಲಿ ಕಳಿಸೋಣ ಎಂದಾಯಿತು. ನೀನು ಚೀಲ ತೆಗೆದುಕೊಳ್ಳಲು ಬಂದವಳು ಮಡಚಿದ ಹಾಳೆಯನ್ನು ನನ್ನ ಕೈಗಿಟ್ಟೆ.

ಹತ್ತು ಜನರಲ್ಲಿ ಲಗ್ನ ಮುಗಿಸಬಹುದಲ್ಲ ಎಂದು ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಅವಸರ ಬಿದ್ದಿತ್ತು. ಹಾಳೆ ಬಿಚ್ಚಿದಾಗ ತಿಳಿಯಿತು, ನಿಮ್ಮ ಮನೆಯಲ್ಲೂ ಎಂದು. ನಿನಗಿನ್ನೂ ಹದಿನಾರು. ಹತ್ತನೆಯ ಪರೀಕ್ಷೆ ಮುಂದಕ್ಕೆ ಹೋಗಿ ಕೂತಿತ್ತು. ಒಂದು ಸಾಲಿನ ಕೆಳಗೆ ನೀನು ಸ್ಕೇಲು ಹಿಡಿದು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೆ — “ಅಜ್ಜಿ, ಲಗ್ನ ಈಗ ಬ್ಯಾಡಂತ ಅಬ್ಬಾಗ ಒಂದ ಮಾತು ಬರೀರಿ, ನಿಮ್ಮ ಮಾತು ತಗದ ಹಾಕಂಗಿಲ್ಲ.”

ನಮ್ಮ ಗೋಡೆಯ ಮೇಲೆ ನಿಯಮ ಅಂಟಿಸಿತ್ತು. ಮಕ್ಕಳ ಪತ್ರದಲ್ಲಿ ಇಂಥ ಮಾತು ಬಂದರೆ ಪತ್ರವನ್ನು ತಡೆದು, ಅದೇ ದಿನ ಕೊಪ್ಪಳದ ಕಚೇರಿಗೆ ತಿಳಿಸಬೇಕು. ಕಾನೂನೂ ನನಗೆ ಗೊತ್ತಿತ್ತು. ತಿಳಿಸಿದ್ದರೆ ಯಾರಾದರೂ ಬಂದು ನಿಮ್ಮಬ್ಬಾನ ಜೊತೆ ಮಾತಾಡುತ್ತಿದ್ದರು. ಆದರೆ ವಿಚಾರಣೆ ಮುಗಿಯುವವರೆಗೆ ಆ ಮಗುವಿನ ಪತ್ರವ್ಯವಹಾರ ಬಂದ್. ಎಡಿತ್ ಅಜ್ಜಿಯ ಪತ್ರ ಬರುವುದಿಲ್ಲ. ಹೊರಗೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ, ಗಂಗಾವತಿಗೆ ಹೋಗುವಂತಿಲ್ಲ, ಕೋಣೆಯಲ್ಲಿ ನಾನೊಬ್ಬಳೇ... ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆ ಹೊತ್ತು ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಇದ್ದಹಾಗೆ ಹೇಳುತ್ತಿದ್ದೇನೆ. ನಿನ್ನ ಬದುಕಿಗಿಂತ ನನಗೆ ಆ ನಾಲ್ಕು ಪುಟ ಹೆಚ್ಚಾಯಿತು.

ಗೆರೆ ಎಳೆದ ಸಾಲನ್ನು ಇಂಗ್ಲಿಷಿಗೆ ತರಲಿಲ್ಲ. ಜಾಗ ಖಾಲಿ ಉಳಿಯಿತು. ನಿಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದಂತೆ, ಹಾಗಾದರೆ ಕೋಳಿಗಳು ಯಾವಾಗ ಮಲಗುತ್ತವೆ ಎಂದು ಬರೆದೆ. ಎಷ್ಟೋ ದಿನದಿಂದ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಅದು. ಬರೆದು, ಫೋಟೊ ತೆಗೆದು, ಕಳಿಸಿಬಿಟ್ಟೆ.

ಒಂದು ವಾರಕ್ಕೆಲ್ಲ ಉತ್ತರ ಬಂತು. ಅಜ್ಜಿ ಮೂರು ಸಂಜೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದರು. ಬೆಳಕಿದ್ದರೂ ಕೋಳಿಗಳು ಒಂದೊಂದಾಗಿ ಗೂಡು ಸೇರುತ್ತವಂತೆ, ಒಂದು ಮಾತ್ರ ಕೊನೆಯವರೆಗೆ ಹೊರಗೇ ತಿರುಗುತ್ತದಂತೆ. ನಗುತ್ತ ಓದುತ್ತ ಕೊನೆಗೆ ಬಂದೆ. ಅಲ್ಲಿ ಹೀಗಿತ್ತು — “ನಿನ್ನ ಅಕ್ಷರ ನನಗೆ ಓದಲು ಬಾರದು, ಆದರೆ ನೋಡುತ್ತ ಕೂರುತ್ತೇನೆ. ಈ ಸಲ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಇಂಗ್ಲಿಷಿನಲ್ಲಿ ಎಲ್ಲೂ ಗೆರೆ ಇಲ್ಲ. ಆ ಸಾಲಿನಲ್ಲಿ ಏನಿದೆ, ಮಗಳೇ?”

ನನ್ನಷ್ಟೇ ಕುತೂಹಲದ ಹೆಂಗಸು. ಆದರೆ ಅವರ ಕುತೂಹಲ ನಿನ್ನ ಬಗ್ಗೆ ಇತ್ತು. ನನ್ನದು ಕೋಳಿಗಳ ಬಗ್ಗೆ. ಲಗ್ನಕ್ಕೆ ಇನ್ನೂ ಎಂಟು ದಿನ ಇತ್ತು, ಶಾಹಿನಾ. ಎಂಟು ದಿನ. ನಿಜ ಹೇಳಿದರೆ ಮೊದಲಿಗೆ ಮುಚ್ಚಿಟ್ಟವಳು ಯಾರೆಂದೂ ಹೇಳಬೇಕಾಗುತ್ತಿತ್ತು. ಗೆರೆಗಳು ಬರೀ ಅಲಂಕಾರಕ್ಕೆ, ನಮ್ಮ ಮಕ್ಕಳು ಹಾಗೆ ಎಳೆಯುತ್ತಿರುತ್ತಾರೆ ಎಂದು ಅಂದೇ ಉತ್ತರ ಕಳಿಸಿದೆ. ಎಷ್ಟು ಚೆಂದದ ರೂಢಿ ಎಂದು ಅವರು ಮರಳಿ ಬರೆದರು. ನಂಬಿದರು.

ಮರುದಿನ ಆ ಕೋಳಿಗಳ ಪತ್ರದ ಕನ್ನಡ ತೆಗೆದುಕೊಂಡು ನಿಮ್ಮ ಮನೆಗೆ ಬಂದೆ, ಕೊನೆಯ ಮಾತು ಬಿಟ್ಟು. ನಿಮ್ಮಬ್ಬಾ ಹೊಸ್ತಿಲ ಒಳಗೆ, ನಾನು ಹೊರಗೆ ಕಟ್ಟೆಯ ಮೇಲೆ, ನೀನು ಬಾಗಿಲ ಹಿಂದೆ. ಎಂದಿನಂತೆ ಎರಡು ಸಲ ಓದಿಸಿದರು. ನಗಲಿಲ್ಲ. ಹಾಳೆ ಮಡಚುತ್ತ ಕೇಳಿದರು.

“ಶಾಹಿನಾನ ಲಗ್ನದ ಬಗ್ಗೆ ದೊಡ್ಡಮ್ಮ ಏನಾರ ಅಂದಾರೇನ್ರಿ ಟೀಚರ?”

ಅವರಿಗೂ ಒಂದು ಮಾತು ಬೇಕಿತ್ತು ಅಂತ ಈಗ ಅನಿಸುತ್ತದೆ. ಬೀಗರಿಗೆ ಹೇಳಿಕೊಳ್ಳಲು, ತಮಗೆ ತಾವೇ ಹೇಳಿಕೊಳ್ಳಲು. ಯಾರಾದರೂ ದೊಡ್ಡವರು ಬೇಡ ಎಂದಿದ್ದರೆ...

“ಇಲ್ರಿ, ಏನೂ ಅಂದಿಲ್ಲ” ಅಂದೆ.

“ಹಂಗಾರ ಒಪ್ಪಿಗಿ ಐತಿ ಅನ್ರಿ” ಎಂದು ಅವರು ಎದ್ದರು. ಬಾಗಿಲ ಹಿಂದಿನಿಂದ ನೀನು ಒಳಗೆ ಹೋದ ಸದ್ದು ಕೇಳಿಸಿತು. ಪರೀಕ್ಷೆಗೆ ಮೊದಲೇ ನಿಕಾಹ್ ಆಯಿತು. ನೀನು ಹಿಟ್ನಾಳಕ್ಕೆ ಹೋದೆ. ಮಗು ಊರಲ್ಲಿಲ್ಲವೆಂದು ಸಂಸ್ಥೆ ನಿನ್ನ ಹೆಸರು ತೆಗೆದು ಅಜ್ಜಿಗೆ ಬೇರೆ ಜಿಲ್ಲೆಯ ಮಗುವನ್ನು ಕೊಟ್ಟಿತು. ಯಾವ ಪತ್ರಗಳನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆನೋ ಅವು ತಿಂಗಳಲ್ಲೇ ನಿಂತವು. ಆಮೇಲೆ ಕಚೇರಿಯೂ ಮುಚ್ಚಿತು. ಕಡತಗಳನ್ನು ಸುಡುವ ದಿನ ನಿನ್ನ ಹಾಳೆಯನ್ನು ಮತ್ತು ಅಜ್ಜಿಯ ಆ ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಗಂಗಾವತಿಗೆ ಮರಳಿದೆ.

ಹೋದ ತಿಂಗಳು ಕೊಪ್ಪಳಕ್ಕೆ ಹೊರಟವಳು ಹಿಟ್ನಾಳದಲ್ಲಿ ಬಸ್ಸಿಗೆ ನಿಂತಿದ್ದೆ. ಸೊಂಟದ ಮೇಲೆ ಮಗಳನ್ನಿಟ್ಟುಕೊಂಡು ನೀನೇ ಬಂದು ಮಾತಾಡಿಸಿದೆ. ಚಹಾ ಕುಡಿಸಿದೆ. ಮನೆಯವರು ಒಳ್ಳೆಯವರು ಅಂದೆ, ಅತ್ತೆಗೆ ಸಕ್ಕರೆ ಕಾಯಿಲೆ ಅಂದೆ, ಹೊಲಿಗೆ ಯಂತ್ರ ತೆಗೆದುಕೊಂಡಿದ್ದೇನೆ ಅಂದೆ. ಅದನ್ನು ಕೇಳುತ್ತ ಒಂದು ಕ್ಷಣ ನನಗೆ ಹಗುರವಾಯಿತು ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ ನೀನು ಕೇಳಿದೆ.

“ಅಕ್ಕಾ, ನಾ ಲಗ್ನದ ಸುದ್ದಿ ಬರದಿದ್ದೆ, ಅಜ್ಜಿ ಕೋಳಿ ಸುದ್ದಿ ಬರದ್ರು. ಯಾಕಿರಬೇಕ್ರಿ?”

ಸಿಟ್ಟಿರಲಿಲ್ಲ ನಿನ್ನ ದನಿಯಲ್ಲಿ. ಇಷ್ಟು ವರ್ಷ ಉತ್ತರ ಸಿಗದೆ ಉಳಿದ ಪ್ರಶ್ನೆಯೊಂದನ್ನು, ಗೊತ್ತಿರಬಹುದಾದವರನ್ನು ಕಂಡಾಗ ಕೇಳುವ ಹಾಗೆ ಕೇಳಿದೆ. ದೊಡ್ಡವರಿಗೆ ನಮ್ಮಂಥವರ ಮಾತು ಬೇಸರ ತರಿಸುತ್ತದೇನೋ ಅಂದುಕೊಂಡು ಸುಮ್ಮನಾದೆ ಎಂದೂ ಅಂದೆ. ಬಸ್ ಬಂತು. ಬಸ್ ಬಂತು ನೋಡವ್ವಾ ಎಂದು ನಾನು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ನಿನ್ನ ಮಗಳು ಕೈ ಬೀಸುತ್ತಿದ್ದಳು.

ಅವರು ಏನು ಬರೆಯುತ್ತಿದ್ದರು, ಶಾಹಿನಾ? ದಿನಾ ಕೇಳಿಕೊಳ್ಳುತ್ತೇನೆ. ಸಿಟ್ಟಿನಿಂದ ಬರೆಯುತ್ತಿದ್ದರೇ, ಕೋಳಿಗಳ ನಡುವೆ ಎಲ್ಲೋ ಮೆಲ್ಲಗೆ ಒಂದು ಸಾಲು ಸೇರಿಸುತ್ತಿದ್ದರೇ? ಎಲ್ಲವನ್ನೂ ತಿಳಿಯಬೇಕೆಂದು ಹಾತೊರೆದವಳು ತಿಳಿಯಬೇಕಾದ ಒಂದೇ ಒಂದನ್ನು ನಾನೇ ಅಳಿಸಿದೆ. ನಿನ್ನ ಮನೆಯವರು ಒಳ್ಳೆಯವರಾಗಿರುವುದು ನಿನ್ನ ಪುಣ್ಯ, ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಇದರ ಜೊತೆ ನಿನ್ನ ಹಾಳೆ ಇದೆ, ಕೆಂಪು ಗೆರೆ ಇನ್ನೂ ಮಾಸಿಲ್ಲ. ಅಜ್ಜಿಯ ಪತ್ರವೂ ಇದೆ, ಕೊನೆಯ ಮಾತಿನ ಸಮೇತ. ಅವರು ಕೇಳಿದ್ದರು. ಉತ್ತರ ಕೊಡದವಳು ನಾನು. ಮಸಿಯ ಹಿಂದಿನಿಂದ ಓದಿದ ವಿಳಾಸವನ್ನೂ ಬರೆದಿದ್ದೇನೆ. ಅದು ನಿನಗೆ ಸೇರಬೇಕಾದದ್ದು. ಈ ಭಾನುವಾರ ಕುಷ್ಟಗಿಗೆ ಹೋಗಿ ನಿಮ್ಮಬ್ಬಾನಿಗೂ ಹೇಳುತ್ತೇನೆ, ದೊಡ್ಡಮ್ಮ ಒಪ್ಪಿಗೆ ಕೊಟ್ಟಿರಲಿಲ್ಲ, ಅವರಿಗೆ ವಿಷಯವೇ ತಿಳಿದಿರಲಿಲ್ಲ ಎಂದು. ನೀನು ನನಗೆ ಉತ್ತರ ಬರೆಯಬೇಕಾಗಿಲ್ಲ.

ಎಡಿತ್ ಅಜ್ಜಿ ಇದ್ದಾರೋ ಇಲ್ಲವೋ ತಿಳಿಯದು. ನಿನ್ನೆ ಗಂಗಾವತಿಯ ಅಂಚೆ ಕಚೇರಿಯಿಂದ ಅವರಿಗೂ ಕಳಿಸಿದೆ. ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ, ನನ್ನದೊಂದೂ ಸೇರಿಸದೆ ಇಂಗ್ಲಿಷಿಗೆ ತಂದಿದ್ದೇನೆ. ಆ ಸಾಲಿನ ಕೆಳಗೆ ಸ್ಕೇಲು ಹಿಡಿದು, ಕೆಂಪು ಪೆನ್ನಿನಲ್ಲಿ, ಎರಡು ಗೆರೆ ಎಳೆದಿದ್ದೇನೆ.