ಬಾಲದ ಮೇಲಿನ ಧೂಳು

ನಮ್ಮ ಬೀದಿಯ ತಗಡಪ್ಪನಿಗೆ ಈ ಲೋಕದಲ್ಲಿ ಇದ್ದ ಶತ್ರು ಒಬ್ಬನೇ, ಆತನ ಷಡ್ಡಕ. ಆ ಸಂಗತಿ ಷಡ್ಡಕನೊಬ್ಬನಿಗೆ ಮಾತ್ರ ತಿಳಿದಿರಲಿಲ್ಲ. ಕಂಡಾಗಲೆಲ್ಲ “ಅಣ್ಣಾ, ಅಣ್ಣಾ” ಎನ್ನುತ್ತ ಹೆಗಲ ಮೇಲೆ ಕೈಹಾಕುತ್ತಿದ್ದ. ಆ ಕೈಯನ್ನು ತಗಡಪ್ಪ ಮೈಮೇಲೆ ಬಿದ್ದ ಹಲ್ಲಿಯನ್ನು ಸಹಿಸಿಕೊಳ್ಳುವಂತೆ ಸಹಿಸಿಕೊಳ್ಳುತ್ತಿದ್ದ.

ತಗಡಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ವ್ಯಾನು, ಬಸ್ಸುಗಳಿಗೆ ತಗಡಿನ ಮೈ ಕಟ್ಟುವುದು ಆತನ ಕಸುಬು. ಶೆಡ್ಡು ನಮ್ಮ ಮನೆಯ ಎದುರಿಗೇ ಇತ್ತು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಬೆಳಗುಗಳೆಲ್ಲ ಅಲ್ಲಿನ ಕೊಡತಿಯ ಸದ್ದಿನಲ್ಲೇ ಕಳೆದಿವೆ. ನೆಗ್ಗಿದ ತಗಡನ್ನು ಆತ ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ತಟ್ಟಿ ಸರಿಮಾಡುತ್ತಿದ್ದ. ಆ ಕೈಗಳಲ್ಲಿದ್ದ ತಾಳ್ಮೆ ನಾಲಿಗೆಯಲ್ಲಿ ಇರಲಿಲ್ಲ, ಅಷ್ಟೆ.

ಆತನ ಹೆಂಡತಿ ನರ್ಸಮ್ಮ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಹಾಕಿ ಬರುವುದು ಆಕೆಯ ಕೆಲಸ. ಅವಳ ಕೊನೆಯ ಮನೆಗಳು ಊರಾಚೆ, ಇಟ್ಟಿಗೆಗೂಡುಗಳನ್ನೂ ದಾಟಿ, ಬಯಲಿನ ಮಣ್ಣುರಸ್ತೆಯ ತುದಿಯಲ್ಲಿದ್ದವು. ಆಸ್ಪತ್ರೆಯ ಜೀಪು ಕೆಟ್ಟು ಮೂಲೆ ಸೇರಿದಾಗ ಮೇಲಿನವರು ಹೇಳಿಬಿಟ್ಟರು: ಗಾಡಿಯ ಏರ್ಪಾಡು ನೀವೇ ಮಾಡಿಕೊಂಡರೆ ಸರಿ, ಇಲ್ಲವಾದರೆ ಆಸ್ಪತ್ರೆಯೊಳಗೆ ಔಷಧಿಯ ಕಿಟಕಿಯ ಹಿಂದೆ ಕುಳಿತುಕೊಳ್ಳಿ. ಆ ಕಿಟಕಿಯ ಹೆಸರು ಕೇಳಿದರೇ ನರ್ಸಮ್ಮನಿಗೆ ಉಸಿರು ಕಟ್ಟುತ್ತಿತ್ತು.

ಆಗ ನೆರವಿಗೆ ಬಂದವನೇ ಷಡ್ಡಕ. ನರ್ಸಮ್ಮನ ತಂಗಿಯ ಗಂಡ. ಪಕ್ಕದ ಬೀದಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. “ಅಣ್ಣಾ, ಒಂದೇ ಥರದ ಎರಡು ಮೋಟಾರು, ಎರಡು ಬ್ಯಾಟರಿ ತರಿಸ್ತೀನಿ. ಮೈ ಮಾತ್ರ ಅವರವರಿಗೆ ಬೇಕಾದ ಹಾಗೆ ಕಟ್ಟಿಕೊಳ್ಳೋಣ. ಅತ್ತಿಗೆಗೂ ಗಾಡಿ ಆಯ್ತು, ನಂಗೂ ಆಯ್ತು” ಎಂದ.

ತಗಡಪ್ಪ ಕಟ್ಟಿದ್ದು ಗಾಡಿಯಲ್ಲ, ಬೀರು. ಗಟ್ಟಿ ತಗಡು, ಎತ್ತರದ ಸೂರು, ಎದುರಿಗೆ ಅಗಲವಾದ ಗಾಜು, ಇಬ್ಬರು ಭುಜ ತಾಗದಂತೆ ಕೂರುವ ಸೀಟು. ಹಿಂಭಾಗ ಗೋಡೆಯಂತೆ ನೆಟ್ಟಗೆ. ಮೂತಿ ಮಾತ್ರ ಕೊಡಲಿಯಂತೆ ಚೂಪು.

“ಗಾಳಿ ಸೀಳೋದಕ್ಕೆ ಮೂತಿ ಚೂಪಿರಬೇಕು ಮೇಷ್ಟ್ರೇ” ಎಂದು ಎದೆಯುಬ್ಬಿಸಿದ. “ಮಂಡಿನೋವಿನವಳು ಬಗ್ಗದೇ ಹತ್ತಬೇಕು, ಅದಕ್ಕೇ ಈ ಎತ್ತರ. ಪಕ್ಕದ ಸೀಟು ನಂದು. ರಜೆ ದಿನ ಜೊತೆಗೆ ಹೋಗ್ತೀನಿ.”

ವಾರದ ಬಳಿಕ ಷಡ್ಡಕನ ಗಾಡಿ ಬಂತು. ಬೀದಿಯ ಮಕ್ಕಳು ನೋಡಿದ ಕೂಡಲೇ “ಬದನೆಕಾಯಿ! ಬದನೆಕಾಯಿ!” ಎಂದು ಕೂಗಿದರು. ಮುಂದೆ ಉರುಟು, ಹಿಂದೆ ಸಣ್ಣಗಾಗುತ್ತ ಹೋಗಿ ಚೂಪಾದ ಬಾಲ. ನೆಲಕ್ಕೆ ಅಂಟಿದಂತಿತ್ತು. ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರಬೇಕು.

“ತಲೆ ಬಾಲ ಗೊತ್ತಿಲ್ಲದೇ ಕಟ್ಟಿದಾನೆ” ಎಂದು ತಗಡಪ್ಪ ಮೂಗು ಮುರಿದ. “ಚೂಪು ಮುಂದಿರಬೇಕು, ಹಿಂದಿಟ್ಟಿದಾನೆ. ದಪ್ಪ ಹಿಂದಿರಬೇಕು, ಮುಂದಿಟ್ಟಿದಾನೆ. ತಂತಿ ಸುತ್ತೋನಿಗೆ ತಗಡಿನ ವಿಷಯ ಯಾಕೆ ಬೇಕಿತ್ತು?”

ಮೊದಲ ದಿನವೇ ನರ್ಸಮ್ಮನ ಬೀರು ಇಟ್ಟಿಗೆಗೂಡುಗಳ ಬಳಿ ಕೈಕೊಟ್ಟಿತು. ಬಯಲಿನಲ್ಲಿ ಎದುರುಗಾಳಿ. ಬ್ಯಾಟರಿಯ ಮುಳ್ಳು ಕೆಂಪಿಗಿಳಿದು, ಗಾಡಿ ನಿಂತಿತು. ಕರೆದುಕೊಂಡು ಬರಲು ಹೋದದ್ದು ಷಡ್ಡಕ. ಅವನ ಬದನೆಕಾಯಿ ಅದೇ ಎದುರುಗಾಳಿಯಲ್ಲಿ ಹೋಗಿ, ಅವಳನ್ನು ಕೊನೆಯ ಮನೆಗಳಿಗೂ ಮುಟ್ಟಿಸಿ, ತಿರುಗಿ ಬಂದು, ಇನ್ನೂ ಓಡುತ್ತೇನೆ ಎನ್ನುವಂತೆ ಬಾಗಿಲ ಮುಂದೆ ನಿಂತಿತು.

ಅದಾದರೂ ಹಾಳಾಗಲಿ. ಆ ತಗ್ಗಿನ ಸೀಟಿನಿಂದ ನರ್ಸಮ್ಮ ಏಳಲಾರದೆ ಹೋದಳು. ಷಡ್ಡಕ ಕೈಚಾಚಿದ. “ಹಿಡ್ಕೊಳ್ಳಿ ಅತ್ತಿಗೆ, ಹಾಂ, ನಿಧಾನ.” ಅವಳು ನಗುತ್ತ ಕೈಹಿಡಿದು ಎದ್ದಳು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ತಗಡಪ್ಪನ ಮುಖ ಕಾದ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು.

“ಎಷ್ಟು ಹಗುರವಾಗಿ ಹೋಗುತ್ತೆ ಗೊತ್ತಾ!” ಎಂದಳು ಅವಳು ಗಂಡನಿಗೆ. ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆ ಮಾತು ಮಾತ್ರ ನೇರವಾಗಿ ಹೋಗಿ ಚುಚ್ಚಬೇಕಾದಲ್ಲಿ ಚುಚ್ಚಿತು.

“ಹಾಗಿದ್ರೆ ದಿನಾ ಅದರಲ್ಲೇ ಹೋಗು.”

“ಅದು ಅವನ ಕೆಲಸದ ಗಾಡಿ, ದಿನಾ ಎಲ್ಲಿ ಸಿಗುತ್ತೆ? ಸಿಕ್ಕರೂ ನನ್ನ ಮಂಡಿ ಕೇಳಬೇಕಲ್ಲ. ತಿಂಗಳ ಕೊನೆಯೊಳಗೆ ಏನಾದರೂ ಮಾಡಿ. ಇಲ್ಲದಿದ್ರೆ ನನಗೆ ಆ ಕಿಟಕಿಯೇ ಗತಿ.”

ಆ ರಾತ್ರಿ ತಗಡಪ್ಪ ಊಟ ಮಾಡಲಿಲ್ಲವಂತೆ. ಮರುದಿನ ನನ್ನ ಜಗಲಿಗೆ ಬಂದು ಗುಟ್ಟಿನ ದನಿಯಲ್ಲಿ, “ಗಟ್ಟಿ ಬ್ಯಾಟರಿ ತಾನಿಟ್ಟುಕೊಂಡು ಲಡ್ಡು ಹಿಡಿದದ್ದನ್ನ ನಮಗೆ ಕೊಟ್ಟಿದಾನೆ ಮೇಷ್ಟ್ರೇ. ನೆಂಟಸ್ತಿಕೆ ಅಂದ್ರೆ ಇದೇ” ಎಂದ. ಷಡ್ಡಕನ ಬಳಿ ಹೋಗಿ, ಬೇರೇನೋ ನೆಪ ಹೇಳಿ, ಬ್ಯಾಟರಿ ಅದಲುಬದಲು ಮಾಡೋಣವೇ ಎಂದು ಕೇಳಿದ. “ಅದಕ್ಕೇನಂತೆ ಅಣ್ಣಾ” ಎಂದು ಅವನು ಆಗಲೇ ಬಿಚ್ಚಿಕೊಟ್ಟ. ಬೀರು ಅದೇ ಇಟ್ಟಿಗೆಗೂಡಿನ ಬಳಿ ನಿಂತಿತು. ಬದನೆಕಾಯಿ ಎಂದಿನಂತೆ ಓಡಿತು. ಮೋಟಾರನ್ನೂ ಬದಲಾಯಿಸಿದ್ದಾಯಿತು. ಅದಕ್ಕೂ ಆ ಪುಣ್ಯಾತ್ಮ ನಗುನಗುತ್ತ ಒಪ್ಪಿದ. ಒಪ್ಪದೆ ಜಗಳವಾಡಿದ್ದರೆ ತಗಡಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ದೂರಲು ಇನ್ನೇನೂ ಉಳಿಯದೆ ಆತನ ಹೊಟ್ಟೆಯುರಿ ಇನ್ನೂ ಹೆಚ್ಚಿತು.

ಬೀರು ದಿನವೂ ಇಟ್ಟಿಗೆಗೂಡಿನ ಈಚೆಯ ಮನೆಗಳಿಗಷ್ಟೇ ಹೋಗಿಬರುತ್ತಿತ್ತು. ಒಂದು ಮಧ್ಯಾಹ್ನ ಎರಡು ಗಾಡಿಗಳೂ ಬಯಲಿನ ದಾರಿಯಿಂದಲೇ ಬಂದು ಅಕ್ಕಪಕ್ಕ ನಿಂತಿದ್ದವು. ನರ್ಸಮ್ಮ ಬಟ್ಟೆ ಹಿಡಿದು ಬೀರುವಿನ ಹಿಂಗಾಜನ್ನು ಒರೆಸುತ್ತಿದ್ದಳು.

“ದಿನಾ ಇದೊಂದು ಕೆಲಸ” ಎಂದಳು. “ಮುಂದಿನ ಗಾಜು ಇಷ್ಟು ಕೊಳೆ ಆಗಲ್ಲ. ಹಿಂದಿನದು ನೋಡಿ, ಹಿಟ್ಟಿನ ಗಿರಣಿಗೆ ಹೋಗಿ ಬಂದ ಹಾಗೆ.”

ತಗಡಪ್ಪ ಸುಮ್ಮನೆ ಷಡ್ಡಕನ ಗಾಡಿಯ ಕಡೆ ನೋಡಿದ. ಕೊಂಕು ಹುಡುಕುವುದು ಆತನಿಗೆ ರೂಢಿಯಾಗಿಬಿಟ್ಟಿತ್ತು. ಬಾಲ ಥಳಥಳ ಹೊಳೆಯುತ್ತಿತ್ತು. ಬೆರಳಾಡಿಸಿದ. ಧೂಳಿಲ್ಲ. ತನ್ನ ಗಾಡಿಯ ಹಿಂಭಾಗದ ಮೇಲೆ ಬೆರಳಾಡಿಸಿದ. ಬೆರಳು ಮಣ್ಣಾಯಿತು. ಬಹಳ ಹೊತ್ತು ಆ ಬೆರಳನ್ನೇ ನೋಡುತ್ತ ನಿಂತಿದ್ದು, ನನ್ನ ಜಗಲಿಗೆ ಬಂದು ಕುಸಿದು ಕುಳಿತ.

“ಮೇಷ್ಟ್ರೇ, ಗಾಡಿ ಮುಂದಕ್ಕೆ ಓಡ್ತಾ ಇರುತ್ತೆ. ಧೂಳು ಹಿಂದೆ ಬಿದ್ದು ಹೋಗಬೇಕು ತಾನೇ? ಅದು ಅಟ್ಟಿಸ್ಕೊಂಡು ಬಂದು ಬೆನ್ನಿಗೆ ಅಂಟಿದೆ ಅಂದ್ರೆ?”

“ನೀವೇ ಹೇಳಿ.”

“ನಮ್ಮ ಹಿಂದೆ ಗಾಳಿ ಸುಳಿ ಸುತ್ತುತಾ ಇದೆ. ಹಿಂಭಾಗ ಗೋಡೆ ಥರ ನಿಲ್ಲಿಸಿದ್ನಲ್ಲ, ಆಚೀಚೆ ಸರಿದ ಗಾಳಿಗೆ ಮತ್ತೆ ಕೂಡೋದಕ್ಕೆ ದಾರಿಯಿಲ್ಲ. ಜೋತುಬಿದ್ದು ಹಿಂದಕ್ಕೆ ಎಳೀತಾ ಇದೆ. ನಾನು ಮೂತಿ ಚೂಪು ಮಾಡ್ತಾ ಕೂತೆ. ಅವನು ಬಾಲ ಚೂಪು ಮಾಡಿದ.” ಹಲ್ಲು ಕಚ್ಚಿ ಹೇಳಿದ: “ತಂತಿ ಸುತ್ತೋನು!”

“ಹೋಗಿ ಅವನನ್ನೇ ಒಂದು ಮಾತು ಕೇಳಬಾರದೇ?”

“ಅದಕ್ಕಿಂತ ಗಾಡೀನೇ ತಲೆ ಮೇಲೆ ಹೊತ್ಕೊಂಡು ಬಯಲಿಗೆ ಹೋಗ್ತೀನಿ.”

ಮರುದಿನ ಆತ ಬೀರುವನ್ನು ಕತ್ತರಿಸಲು ತೊಡಗಿದ. ಮೊದಲು ಮಾಡಿದ ಕೆಲಸ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿಯನ್ನು ಅಂಗಳದಲ್ಲಿ ಒಂದು ಗಿಡ್ಡ ಮಣೆಯ ಮೇಲೆ ಕೂರಿಸಿ, “ಏನೂ ಹಿಡಿಯದೇ ಏಳು” ಎಂದ. ಅವಳಿಗೆ ಆಗಲಿಲ್ಲ. ಮಣೆಯ ಕೆಳಗೊಂದು ಹಲಗೆ ಸೇರಿಸಿದ. ಆಗಲಿಲ್ಲ. ಇನ್ನೊಂದು ಸೇರಿಸಿದ. ಹೀಗೆ ಸೇರಿಸುತ್ತ ಹೋದಾಗ, ಒಂದು ಸಲ ಅವಳು ಮುಖ ಕಿವುಚದೆ ತಾನಾಗಿ ಎದ್ದು ನಿಂತಳು.

“ಸಾಕು. ಇದಕ್ಕಿಂತ ಒಂದು ಬೆರಳೂ ಮೇಲೆ ಬೇಡ” ಎಂದು ಅಲ್ಲಿಗೆ ಗುರುತು ಹಾಕಿಕೊಂಡ. ಸೂರನ್ನು ಅವಳ ನೆತ್ತಿಗೆ ತಾಗದಷ್ಟು ಇಳಿಸಿದ. ಪಕ್ಕಗಳನ್ನು, ಅವಳ ಬದಿಗೆ ಒಂದು ಪೆಟ್ಟಿಗೆ ಹಿಡಿಯುವಷ್ಟೇ ಜಾಗ ಬಿಟ್ಟು, ಒಳಕ್ಕೆ ತಂದ. ಮೈ ಚಿಕ್ಕದಾದಷ್ಟೂ ತಳ್ಳಬೇಕಾದ ಗಾಳಿ ಕಡಿಮೆ ಎಂಬುದು ಈಗ ತಲೆಗೆ ಹೊಕ್ಕಿತ್ತು. ಕೊಡಲಿಯ ಮೂತಿಯನ್ನು ಬಡಿದು ಉರುಟು ಮಾಡಿದ. ಹಿಂದೆ ತೆಳು ತಗಡಿನ ಉದ್ದ ಬಾಲ ಕೂರಿಸಿದ.

ಇದಕ್ಕೆಲ್ಲ ಮೊದಲು ಪಕ್ಕದ ಸೀಟನ್ನು ಬಿಚ್ಚುವಾಗ ಮಾತ್ರ ಸುತ್ತಿಗೆ ತುಸು ತಡೆಯಿತು.

“ನಿಮ್ಮ ಜಾಗ?” ಎಂದಳು ನರ್ಸಮ್ಮ.

“ನಾನು ಕೂತ್ರೆ ನೀನು ಕೊನೆಯ ಮನೆ ಮುಟ್ಟಲ್ಲ” ಎಂದ. “ಸೀಟಿನ ಜಾಗದಲ್ಲಿ ನಿನ್ನ ಔಷಧಿಪೆಟ್ಟಿಗೆ ಇಡು.”

ತಿಂಗಳ ಕೊನೆಯ ದಿನ ಗಾಳಿ ಜೋರಾಗಿತ್ತು. ಮಕ್ಕಳು “ಸೌತೆಕಾಯಿ!” ಎಂದು ಕೂಗುತ್ತಿರಲು ನರ್ಸಮ್ಮ ಹೊರಟಳು. ಸಂಜೆ ಷಡ್ಡಕನೂ ಅವನ ಹೆಂಡತಿಯೂ ಬದನೆಕಾಯಿಯಲ್ಲಿ ಬಂದು ಕಾಯುತ್ತ ನಿಂತರು. “ಅಗತ್ಯ ಬಿದ್ರೆ ನಾನು ಹೋಗಿ ಕರ್ಕೊಂಡು ಬರ್ತೀನಿ ಅಣ್ಣಾ” ಎಂದ ಷಡ್ಡಕ. ತಗಡಪ್ಪ ಬೀದಿಯ ತಿರುವಿನಿಂದ ಕಣ್ಣು ಕೀಳಲಿಲ್ಲ.

ಸೌತೆಕಾಯಿ ತಿರುವಿನಲ್ಲಿ ಕಾಣಿಸಿತು. ತಾನೇ ಓಡಿಕೊಂಡು ಬಂದು ನಿಂತಿತು. ಷಡ್ಡಕ ರೂಢಿಯಂತೆ ಕೈಚಾಚಿದ. ನರ್ಸಮ್ಮ ಆ ಕೈಯನ್ನು ನೋಡಲೂ ಇಲ್ಲ, ತಾನಾಗಿ ಇಳಿದು ನಿಂತು, “ಕೊನೆಯ ಮನೆವರೆಗೂ ಹೋಗಿದ್ದೆ. ಮುಳ್ಳು ಇನ್ನೂ ಕೆಂಪು ಮುಟ್ಟಿಲ್ಲ” ಎಂದಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅದನ್ನು ತಗಡಪ್ಪ ನೋಡಿದ ನೋಟದಲ್ಲಿ ಹಬ್ಬವೇ ಇತ್ತು.

ತಂಗಿ ಒಳಗೆ ಕೂತು, ಎದ್ದು, ಮತ್ತೆ ಕೂತು ನೋಡಿದಳು. “ಭಾವ, ನಮ್ಮದರಲ್ಲಿ ಕೂತ್ರೆ ಬಾವಿಗೆ ಇಳಿದ ಹಾಗಿರುತ್ತೆ. ನಮಗೂ ಇಂಥಾ ಸೀಟು ಮಾಡಿಕೊಡಿ” ಎಂದಳು. ಗಂಡನತ್ತ ತಿರುಗಿ, “ನೋಡಿ ಕಲೀರಿ, ಹೆಂಡತಿ ಮಂಡಿ ಅಳತೆ ತಗೊಂಡು ಗಾಡಿ ಕಟ್ಟಿದಾರೆ!” ಎಂದಳು. ಷಡ್ಡಕನ ನಗು ಮೊದಲ ಸಲ ಅರ್ಧಕ್ಕೇ ನಿಂತಿತು.

“ನೋಡೋಣ, ಕೆಲಸ ಜಾಸ್ತಿ ಇದೆ” ಎಂದ ತಗಡಪ್ಪ, ಗಂಭೀರವಾಗಿ. ಮುಂದಿನ ವಾರವೇ ಮಾಡಿಕೊಟ್ಟನೆನ್ನಿ.

ಅವರು ಒಳಗೆ ಹೋದ ಮೇಲೆ ಆತ ಮೆಲ್ಲಗೆ ಎರಡೂ ಗಾಡಿಗಳ ಹಿಂದೆ ಹೋದ. ಮೊದಲು ತನ್ನ ಬಾಲದ ಮೇಲೆ ಬೆರಳಾಡಿಸಿದ. ತುದಿಯಲ್ಲಿ ತೆಳುವಾದ ಧೂಳಿನ ಗೆರೆಯೊಂದು ಇನ್ನೂ ಇತ್ತು. ಬಳಿಕ ಷಡ್ಡಕನದರ ಮೇಲೆ, ಏನೂ ಇರಲಿಲ್ಲ. ನಾನು ಜಗಲಿಯಿಂದ ನೋಡುತ್ತಿದ್ದುದು ಆತನ ಕಣ್ಣಿಗೆ ಬಿತ್ತು.

“ಒರೆಸ್ಕೊಂಡು ಬಂದಿದಾನೆ ಮೇಷ್ಟ್ರೇ” ಎಂದ.