ಸೂಜಿ ಆಗಿದೆ ಅಂದಿದ್ದೆ

ಆ ದಿನದ ಡೈರಿಯಲ್ಲಿ ಇರುವುದು ಮೂರೇ ಪದ: ಅಂಕಲ್ ಫೋನ್. ಕುರಿ. ಉಳಿದದ್ದನ್ನು ನೆನಪಿನಿಂದ ಹೇಳಬೇಕು. ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಾನು ಊರಿನಲ್ಲಿ ಪಶುವೈದ್ಯಕೀಯ ಓದಿ ಬಂದವಳು. ಆಸ್ಟ್ರೇಲಿಯಾದಲ್ಲಿ ಮತ್ತೆ ಪರೀಕ್ಷೆ ಪಾಸು ಮಾಡದೆ ವೈದ್ಯೆಯಾಗುವಂತಿರಲಿಲ್ಲ. ಹಾಗಾಗಿ ಮೆಲ್ಬರ್ನಿನ ಒಂದು ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್‌ಗಳ ನಡುವೆ ಕೆಲಸ. ಅಂಕಲ್ ಮೈಸೂರಿನವರು, ನಿವೃತ್ತ ಡಾಕ್ಟರು, ಮನುಷ್ಯರ ಡಾಕ್ಟರು. ಮೊದಲು ಸಿಡ್ನಿಗೆ ಬಂದು ಆ ಪರೀಕ್ಷೆಗೆ ಓದುತ್ತಿದ್ದ ವರ್ಷ ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಆಮೇಲೆ ಅವರೂ ಆಂಟಿಯೂ ಸಿಡ್ನಿಯ ಅಂಚಿನ ರೌಸ್ ಹಿಲ್ ದಾಟಿ, ಹೊಸ ಮನೆಗಳ ಸಾಲು ಮುಗಿಯುವಲ್ಲಿ ಐದು ಎಕರೆ ಕೊಂಡು ಎರಡು ಜೆರ್ಸಿ ಹಸು ಕಟ್ಟಿದರು. ಎರಡಕ್ಕೂ ಆಂಟಿ ಹೆಸರಿಟ್ಟಿದ್ದರು. ಅದನ್ನು ಇಲ್ಲಿ ಬರೆಯಲಾರೆ.

ಐದು ರೋಗಗಳಿಗೆ ಒಂದೇ ಲಸಿಕೆ ಇಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಸಾಕಿದವರೇ ಹಾಕಿಕೊಳ್ಳುತ್ತಾರೆ. ಒಂದು ಶನಿವಾರ ಅವರಲ್ಲಿಗೆ ಹೋಗಿದ್ದಾಗ ನಾನು ಹಸುಗಳ ಕುತ್ತಿಗೆಯ ಚರ್ಮ ಎತ್ತಿ ಹಿಡಿದೆ, ಅಂಕಲ್ ಚುಚ್ಚಿದರು. ಆಂಟಿ ಬೇಲಿಯ ಆಚೆ ನಿಂತು, “ನಲವತ್ತು ವರ್ಷ ಜನಕ್ಕೆ ಚುಚ್ಚಿದಾರೆ, ದನಕ್ಕೆ ಚುಚ್ಚೋಕೆ ಕೈ ನಡುಗ್ತಿದೆ ನೋಡು” ಅಂದರು. ಒಳಗೆ ಬಂದು ಕಾಫಿ ಕುಡಿಯುವಾಗ ಅಂಕಲ್ ಕ್ಯಾಲೆಂಡರಿನಲ್ಲಿ ‘ಸೂಜಿ’ ಎಂದಷ್ಟೇ ಗುರುತು ಹಾಕಿದರು. ಯಾವ ರೋಗಕ್ಕೆಂದು ಬರೆಯಲಿಲ್ಲ. ನಾನೂ ಬರೆಸಲಿಲ್ಲ. ನಮ್ಮ ಕಡೆ ಹಾಗೇ ಅಲ್ಲವೇ, ಜ್ವರಕ್ಕೂ ಸೂಜಿ, ಜ್ವರ ಬಾರದಿರಲಿಕ್ಕೂ ಸೂಜಿ.

ವಸಂತದಲ್ಲಿ ಹುಲ್ಲು ಮೊಣಕಾಲಿಗೆ ಬಂತು. ಬೇಸಿಗೆಯಲ್ಲಿ ಒಣಗಿ ಬೆಂಕಿ ಹತ್ತುವ ಮುಂಚೆ ಅದನ್ನು ಮೇಯಿಸಿಬಿಡೋಣ ಎಂದು ಪಕ್ಕದ ಜಮೀನಿನವನು ತನ್ನ ಕುರಿಮರಿಗಳನ್ನು ಬಿಡುತ್ತೇನೆ ಅಂದನಂತೆ. ಅದಕ್ಕೇ ಆ ಫೋನು. ಬಿಡಬಹುದಾ ಎಂದು ಅಂಕಲ್ ಕೇಳಿದರು. ನಾನು ಮೆಲ್ಬರ್ನಿನಲ್ಲಿ, ಕ್ಲೈಡ್ ನಾರ್ತ್‌ನ ನನ್ನ ಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದೆ. ನನಗೆ ನೆನಪಿರುವಂತೆ ನಾನು ಹೇಳಿದ್ದು: “ಸೂಜಿ ಆಗಿದ್ಯಲ್ಲ ಅಂಕಲ್, ಬಿಡಿ.”

ನಮ್ಮೂರಿನಲ್ಲಿ ದನ ಕುರಿ ಒಂದೇ ಕೊಟ್ಟಿಗೆಯಲ್ಲಿ ಮಲಗುತ್ತಿದ್ದವು. ಕುರಿಯನ್ನು ಏನೂ ಮಾಡದೆ ಅದರೊಳಗೇ ಇದ್ದು, ಅಪರೂಪಕ್ಕೆ ಹಸುವಿಗೆ ತಗುಲಿದರೆ ಕೊಂದೇಬಿಡುವ ಹರ್ಪಿಸ್ ಜಾತಿಯ ವೈರಸ್ ಒಂದಿದೆ ಎಂದು ಪರೀಕ್ಷೆಗೆ ಓದಿದ್ದೆ. ಅರ್ಧ ಪುಟ. ಫೋನಿನಲ್ಲಿ ಅದು ತಲೆಗೆ ಬರಲೇ ಇಲ್ಲವೋ, ಬಂದೂ ನಮ್ಮವರ ಎರಡು ಹಸುವಿಗೆ ಯಾಕೆ ಬರುತ್ತದೆ ಎಂದು ಬಿಟ್ಟೆನೋ. ಮೊದಲನೆಯದೇ ಇರಬೇಕೆಂದು ನನ್ನ ಆಸೆ.

ಎರಡು ತಿಂಗಳಾದ ಮೇಲೆ ದೊಡ್ಡ ಹಸು ಮೇವು ಬಿಟ್ಟಿತು. ಬೆಳಗಿನ ವಿಮಾನ ಹಿಡಿದು ಹೋದೆ. ಮೂಗಿನ ಸುತ್ತ ಹಕ್ಕಳೆ ಕಟ್ಟಿತ್ತು, ಜೊಲ್ಲು ಸುರಿಯುತ್ತಿತ್ತು. ಎರಡು ಕಣ್ಣೂ ಅಂಚಿನಿಂದ ನಡುವಿನವರೆಗೆ ಹಾಲಿನಂತೆ ಬೆಳ್ಳಗಾಗಿದ್ದವು. ಆಂಟಿ ಕರೆದರೆ ದನಿ ಬಂದ ಕಡೆ ತಿರುಗಲು ಹೋಗಿ ಬೇಲಿಗೆ ಹಾಯುತ್ತಿತ್ತು. ಅಲ್ಲಿಯ ಪಶುವೈದ್ಯ, ವೆಟ್, ಕುರಿಗಳಿದ್ದವಾ ಎಂದು ಮೊದಲು ಕೇಳಿದ. ರಕ್ತ ತೆಗೆದುಕೊಂಡ, ಆದರೆ ಫಲಿತಾಂಶಕ್ಕೆ ಕಾಯಿಸಿ ನರಳಿಸುವುದು ಬೇಡ, ನೋವಿಲ್ಲದಂತೆ ಸಾಯಿಸುವುದೇ ಲೇಸೆಂದ. ಅಂಕಲ್ ಅವನ ಮಾತು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು.

“ಸೂಜಿ ಹಾಕಿದ್ವಲ್ಲಮ್ಮ?”

“ಅದು ಬೇರೆ ಅಂಕಲ್. ಇದಕ್ಕೆ ಸೂಜಿನೇ ಇಲ್ಲ.”

ಅಷ್ಟರಲ್ಲಿ ವೆಟ್ ಕಾರಿನಿಂದ ದೊಡ್ಡ ಸಿರಿಂಜು ತಂದ. ಆಂಟಿ ಹಸುವಿನ ಹಗ್ಗ ಹಿಡಿದು ನಿಂತಿದ್ದರು, ನಮ್ಮ ಮಾತು ಅವರಿಗೆ ಕೇಳಿರಲಿಲ್ಲ. “ಸೂಜಿ ಹಾಕ್ತಾರಾ? ಹಾಗಾದ್ರೆ ಸರಿಹೋಗತ್ತೆ ಬಿಡು” ಅಂದರು. ನಾನೇ ಹೇಳಬೇಕಾಯಿತು. ಯಾವ ಪದಗಳಲ್ಲಿ ಹೇಳಿದೆನೋ ನೆನಪಿಲ್ಲ. ಆಂಟಿ ಹಗ್ಗ ಬಿಡದೆ, ಹಸುವಿನ ಜೊತೆಗೇ ನೆಲಕ್ಕೆ ಕೂತದ್ದು ನೆನಪಿದೆ.

ಆಮೇಲೆ ಲ್ಯಾಬಿನಲ್ಲಿ ಹುಡುಕಿ ಓದಿದೆ. ಈ ರೋಗದ ಇನ್ನೊಂದು ಬಗೆ ಆಫ್ರಿಕಾದಲ್ಲಿ ಕಾಡುಪ್ರಾಣಿಗಳಿಂದ ದನಗಳಿಗೆ ಬರುತ್ತದೆ, ಅದಕ್ಕೆ ಲಸಿಕೆಯ ಪ್ರಯತ್ನ ನಡೆದಿದೆ. ಕುರಿಯ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಲಿಕ್ಕೇ ಇನ್ನೂ ಯಾರಿಗೂ ಆಗಿಲ್ಲ, ಇನ್ನು ಲಸಿಕೆ ಎಲ್ಲಿಂದ? ಓದುತ್ತಾ ಒಂದು ಕ್ಷಣ ಹಗುರವಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಲಸಿಕೆ ಇಲ್ಲದಿದ್ದರೇನು, ಕುರಿ ಬೇಡ ಅನ್ನಲು ಲಸಿಕೆ ಬೇಕಿರಲಿಲ್ಲ.

ಒಂದು ವಾರ ಬಿಟ್ಟು ಫೋನ್ ಮಾಡಿ ಒಪ್ಪಿಕೊಂಡೆ: ಕುರಿ ಬಿಡಿ ಅಂತ ಹೇಳಿದ್ದು ನಾನು.

“ನೀನೆಲ್ಲಿ ಹೇಳಿದೆ? ನಾನು ನಿನ್ನ ಕೇಳ್ಲೇ ಇಲ್ವಲ್ಲ. ಬಿಟ್ಟವನು ನಾನೇ.”

ಕೇಳಿದ್ದಿರಿ ಎಂದೆ. ಡೈರಿಯಲ್ಲಿದೆ ಎಂದೆ. ಕುರಿ ಅಂತ ತಾನೇ ಇದೆ, ಬಿಡಿ ಅಂತ ಇದೆಯಾ ಎಂದು ಅವರು ಕೇಳಿದರು. ಅವರು ನಿಜಕ್ಕೂ ಮರೆತಿದ್ದರೋ, ನನ್ನನ್ನು ಉಳಿಸಲು ಹಾಗಂದರೋ ನನಗೆ ಇಂದಿಗೂ ತಿಳಿಯದು. ಆಂಟಿಗೂ ಹಾಗೆಯೇ ಹೇಳಿದ್ದರಂತೆ. ಆ ಮನೆಯಲ್ಲಿ ತಪ್ಪೆಲ್ಲ ಅವರದೇ ಆಗಿ ಉಳಿದಿತ್ತು. ಅದನ್ನು ವಾಪಸು ತೆಗೆದುಕೊಳ್ಳುವಷ್ಟು ಗಟ್ಟಿಯಾಗಿ ನಾನು ಎರಡನೆಯ ಸಲ ಹೇಳಲಿಲ್ಲ.

“ಚಿಕ್ಕದಕ್ಕೆ ಬರತ್ತಾ?” ಎಂದು ಅಂಕಲ್ ಕೇಳಿದರು.

ಹಸುವಿನಿಂದ ಹಸುವಿಗೆ ಹರಡುವುದಿಲ್ಲ. ಆದರೆ ಅದೂ ಅದೇ ಕುರಿಗಳ ಜೊತೆ ಮೇದಿತ್ತು, ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಇದನ್ನೆಲ್ಲ ಹೇಳಿ, ಕೊನೆಗೆ “ಗೊತ್ತಿಲ್ಲ ಅಂಕಲ್” ಅಂದೆ. ಅವರು, ಆಂಟಿ ಹೊರಗೆ ಚಿಕ್ಕದರ ಕಣ್ಣು ನೋಡುತ್ತಾ ನಿಂತಿದ್ದಾಳೆ, ದಿನಕ್ಕೆ ಹತ್ತು ಸಲ ನೋಡುತ್ತಾಳೆ ಎಂದರು.